ಬೆಂಗಳೂರಿನ ಕರಗ

ನಮ್ಮ ನಾರ್ವೆಯ ಕಡೆ ಜಾತ್ರೆಯೆಂದರೆ ಗುಡಿಯ ಮುಂದಿನ ಬಯಲು. ಬೆಂಗಳೂರಿನ ಕರಗದಲ್ಲಾದರೋ ಬೀದಿಯೇ ಗುಡಿ. ಚೈತ್ರ ಪೂರ್ಣಿಮೆಯ ರಾತ್ರಿ ನಾವು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ಬಳಿ ನಿಂತಿದ್ದೆವು. ಬೇಸಗೆಯ ಸೆಕೆಗೆ ಬಾಯಾರಿದವರಿಗೆಲ್ಲ ಅಲ್ಲಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳ ದಾನ ನಡೆದಿತ್ತು, ಕುಲಗೋತ್ರಗಳನ್ನು ಕೇಳುವವರಿರಲಿಲ್ಲ. ನಡುರಾತ್ರಿ ಕಳೆದ ಮೇಲೆ ಸ್ತ್ರೀವೇಷದ ಅರ್ಚಕರು, ದ್ರೌಪದೀಸ್ವರೂಪವೆನಿಸಿದ ಮಲ್ಲಿಗೆಯ ಕರಗವನ್ನು ಶಿರದಲ್ಲಿ ಹೊತ್ತು ಹೊರಬಂದರು. ಖಡ್ಗಧಾರಿಗಳಾದ ವೀರಕುಮಾರರು ಸುತ್ತುವರಿದರು.

ಈ ಮೆರವಣಿಗೆಯು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗುವುದು ಬಹುಕಾಲದ ಸಂಪ್ರದಾಯ. 2022ರಲ್ಲಿ ಕೆಲವರು ಇದು ಕೂಡದೆಂದರು; ದೇವಾಲಯದವರು ಪದ್ಧತಿಯನ್ನು ಬಿಡಲಿಲ್ಲ, ಕರಗವು ಹೋಗಿಯೇ ಹೋಯಿತು. ತಿಥಿಯನ್ನು ನೋಡದೆ ಬರುವವನು ಅತಿಥಿಯೆಂದು ಹಿರಿಯರ ಅರ್ಥವಿವರಣೆ. ಇಲ್ಲಿ ದೇವಿಯೇ ತಿಥಿಯರಿತು ನೆರೆಯವರ ಬಾಗಿಲಿಗೆ ಅತಿಥಿಯಾಗುತ್ತಾಳೆ. ಆ ದಾರಿಯನ್ನು ಮುಚ್ಚದಿರುವುದೇ ಹಬ್ಬದ ಪುಣ್ಯವೆಂದು ನಮ್ಮ ಭಾವನೆ.