ಬೀಗವಿಲ್ಲದ ಆಟಗಳ ಊರು

ಪೋಲೆಂಡಿನ ರಾಜಧಾನಿಯಾದ ವಾರ್ಸಾ ನಗರಕ್ಕೆ ಬಂದ ಪ್ರವಾಸಿಗನನ್ನು ಮೊದಲು ಸೆಳೆಯುವುದು ಅಲ್ಲಿನ ಹಳೆಯ ಪೇಟೆ. ವಿಸ್ಟುಲಾ ನದಿಯ ಎಡದಂಡೆಯ ಮೇಲೆ, ಕಲ್ಲು ಹಾಸಿದ ಚೌಕದ ಸುತ್ತಲೂ ಕಾವಿ, ಹಳದಿ, ಹಸುರು ಬಣ್ಣದ ಮನೆಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ನೋಡಿದವರು ಶತಮಾನಗಳ ಮಾತನ್ನಾಡುತ್ತಾರೆ. ಆದರೆ ಈ ಮನೆಗಳಿಗೆ ಎಂಬತ್ತು ವರ್ಷದ ಪ್ರಾಯವೂ ಆಗಿಲ್ಲ. 1944ರ ದಂಗೆಯನ್ನು ತುಳಿದುಹಾಕಿದ ಜರ್ಮನ್ ಸೇನೆ ಊರನ್ನು ಬೀದಿಬೀದಿಯಾಗಿ ಸುಟ್ಟು, ಸಿಡಿಮದ್ದಿಟ್ಟು ಕೆಡವಿತು. ಹಳೆಯ ಪೇಟೆಯಲ್ಲಿ ನೂರಕ್ಕೆ 85 ಪಾಲು ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಊರಿನವರು ಅದನ್ನು ಮತ್ತೆ ಕಟ್ಟಿದರು. ಹದಿನೆಂಟನೆಯ ಶತಮಾನದಲ್ಲಿ ಬೆಲ್ಲೊಟ್ಟೊ ಎಂಬ ಕಲಾವಿದ ಬರೆದ ನಗರದೃಶ್ಯಗಳೂ ಯುದ್ಧಕ್ಕೆ ಮುನ್ನ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅಳೆದು ತೆಗೆದ ನಕ್ಷೆಗಳೂ ಅವರಿಗೆ ದಾರಿ ತೋರಿದವು. ಮೂಲ ಅಳಿಯಿತು, ನಕಲು ಉಳಿದು ಮೂಲವನ್ನು ಮರಳಿ ಕೊಟ್ಟಿತು.

ನಕಲಿಗೆ ಇಷ್ಟು ಋಣಿಯಾದ ಈ ಊರಿನಲ್ಲಿಯೇ, ಕಂಪ್ಯೂಟರ್ ಆಟಗಳನ್ನು ಯಾರೂ ನಕಲು ಮಾಡದಂತೆ ಹಾಕುವ ಬೀಗವನ್ನು ಕಳಚಿಟ್ಟು ವ್ಯಾಪಾರ ನಡೆಸಿದ ಒಂದು ಸಂಸ್ಥೆಯೂ ಹುಟ್ಟಿತು. ನನ್ನನ್ನು ವಾರ್ಸಾಕ್ಕೆ ಕರೆತಂದದ್ದು ಆ ಕತೆ.

ಕತೆಯ ಮೊದಲ ಅಧ್ಯಾಯ ನಗರದ ನಡುವಿನ ಕಂಪ್ಯೂಟರ್ ಸಂತೆಯಲ್ಲಿದೆ. 1980ರ ದಶಕದ ಕೊನೆಯಲ್ಲಿ ವಾರದ ರಜೆಯ ದಿನಗಳಂದು ಹುಡುಗರು ಅಲ್ಲಿ ಮೇಜುಗಳನ್ನು ಹರಡಿ, ಆಟಗಳ ಪ್ರತಿಗಳನ್ನು ಮಾರುತ್ತಿದ್ದರು. ಕೃತಿಸ್ವಾಮ್ಯದ ಹೊಸ ಕಾಯಿದೆ ಅಲ್ಲಿ ಬಂದದ್ದು 1994ರಲ್ಲಿ. ಅಲ್ಲಿಯವರೆಗೆ ಇದನ್ನು ಕಳ್ಳತನವೆಂದು ಯಾರೂ ಎಣಿಸಿರಲಿಲ್ಲ. ಆ ಮೇಜುಗಳ ಹಿಂದೆ ನಿಂತಿದ್ದವರಲ್ಲಿ ಒಬ್ಬ ಮಾರ್ಚಿನ್ ಇವಿನ್ಸ್ಕಿ. ಸಹಪಾಠಿಯಾದ ಮಿಹಾವ್ ಕಿಚಿನ್ಸ್ಕಿಯೊಡನೆ ಆತ 1994ರಲ್ಲಿಯೇ ಸಿ.ಡಿ. ಪ್ರೊಜೆಕ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿ, ನ್ಯಾಯವಾಗಿ ಆಟಗಳನ್ನು ತರಿಸಿ ಮಾರತೊಡಗಿದ.

ಬೀಗವೆಂದೆನಲ್ಲ, ಅದರ ಬಗೆಯನ್ನು ಸ್ವಲ್ಪ ಹೇಳಬೇಕು. ಸಾಮಾನ್ಯ ಯಂತ್ರ ನಕಲಿಸಲಾರದ ಒಂದು ಗುರುತನ್ನು ಆಟದ ಸಿ.ಡಿ.ಯಲ್ಲಿ ಅಡಗಿಸಿಡುತ್ತಿದ್ದರು. ಪ್ರತಿ ಸಲವೂ ಆಟ ಆ ಗುರುತನ್ನು ತಡಕಿ ನೋಡಿಯೇ ತೆರೆದುಕೊಳ್ಳುತ್ತಿತ್ತು. ಮುಂದೆ ಬಂದ ಬೀಗಗಳು ಇನ್ನೂ ಬಿಗಿ. 2008ರ ‘ಸ್ಪೋರ್’ ಎಂಬ ಆಟವನ್ನು ಕೊಂಡವರು ಮೊದಲಿಗೆ ಅದನ್ನು ಮೂರೇ ಸಲ ಕಂಪ್ಯೂಟರಿಗೆ ಹೂಡಬಹುದಾಗಿತ್ತು. 2010ರ ಹೊತ್ತಿಗೆ, ಇಂಟರ್‌ನೆಟ್ ಸಂಪರ್ಕ ಒಂದು ಗಳಿಗೆ ತಪ್ಪಿದರೂ ನಿಂತುಬಿಡುವ ಆಟಗಳು ಬಂದವು.

ಈ ಬೀಗದ ಬಿಸಿ ನನಗೂ ತಗಲಿದೆ. ವಿದ್ಯಾರ್ಥಿಯಾಗಿದ್ದಾಗ ತಿಂಡಿಯ ಕಾಸನ್ನು ಕೂಡಿಟ್ಟು ಕೊಂಡ ಒಂದು ಆಟ ಇಂದಿಗೂ ನನ್ನ ಕಪಾಟಿನಲ್ಲಿದೆ, ಸಿ.ಡಿ.ಯ ಮೇಲೆ ಒಂದು ಗೀರಿಲ್ಲ. ಆದರೆ 2015ರಲ್ಲಿ ಬಂದ ವಿಂಡೋಸ್ 10, ಸೇಫ್‌ಡಿಸ್ಕ್ ಎಂಬ ಆ ಹಳೆಯ ಬೀಗವನ್ನು ಭದ್ರತೆಯ ಕಾರಣಕ್ಕಾಗಿ ಹೊರಗಿಟ್ಟಿತು. ಬೀಗದೊಡನೆ ಆಟವೂ ಹೊರಗುಳಿಯಿತು. ತಯಾರಕರಿಗೆ ಬರೆದೆ; ಆ ಆಟಕ್ಕೆ ಈಗ ನೆರವಿಲ್ಲವೆಂದು ಎರಡು ಸಾಲಿನ ಉತ್ತರ ಬಂತು. ಆಗ ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿದ್ದ ಗೆಳೆಯನ ಬಳಿ ಅದೇ ಆಟದ, ಬೀಗ ಮುರಿದ ಕಳ್ಳಪ್ರತಿ ಇತ್ತು. ಅವನು ಅದನ್ನು ಇಂದಿಗೂ ಆಡುತ್ತಾನೆ. ಹಣ ತೆತ್ತವನು ಹೊರಗೆ, ತೆರದವನು ಒಳಗೆ!

ವಾರ್ಸಾದ ಗೆಳೆಯರಿಬ್ಬರು ಈ ವಿಪರೀತವನ್ನು ಸಂತೆಯಲ್ಲಿಯೇ ಕಂಡಿದ್ದರು. ಕಳ್ಳಪ್ರತಿಯನ್ನು ಸೋಲಿಸಬೇಕಾದರೆ ಕೊಂಡವನಿಗೆ ಹೆಚ್ಚಿನದನ್ನು ಕೊಡಬೇಕೆಂದು ಅವರು ನಿಶ್ಚಯಿಸಿದರು. 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು ಪೋಲಿಷ್ ಭಾಷೆಗೆ ತಂದು, ಹೆಸರಾದ ನಟರಿಂದ ಮಾತನಾಡಿಸಿ, ದೊಡ್ಡ ಪೆಟ್ಟಿಗೆಯಲ್ಲಿ ಭೂಪಟವನ್ನೂ ನಿಯಮಗಳ ಪುಸ್ತಕವನ್ನೂ ಇಟ್ಟು ಮಾರಿದರು. ಮೊದಲ ದಿನವೇ 18,000 ಪ್ರತಿಗಳು ಹೋದವು.

ಸೇತುವೆ ದಾಟಿ ನದಿಯ ಬಲದಂಡೆಗೆ ಬಂದರೆ ಪ್ರಾಗಾ ಎಂಬ ಬಡಾವಣೆ. ಯುದ್ಧದ ಬೆಂಕಿ ಅಷ್ಟಾಗಿ ತಗಲದೆ ಉಳಿದ ಇಲ್ಲಿನ ಇಟ್ಟಿಗೆಯ ಕಟ್ಟಡಗಳು ನಿಜವಾಗಿಯೂ ಹಳೆಯವು. ಸಿ.ಡಿ. ಪ್ರೊಜೆಕ್ಟಿನ ಕಚೇರಿ ಇರುವುದು ಈ ದಂಡೆಯಲ್ಲಿ. 2008ರಲ್ಲಿ ಅವರು ‘ಗುಡ್ ಓಲ್ಡ್ ಗೇಮ್ಸ್’ ಎಂಬ ಅಂಗಡಿಯನ್ನು ಇಂಟರ್‌ನೆಟ್ಟಿನಲ್ಲಿ ತೆರೆದು, ಹಳೆಯ ಆಟಗಳನ್ನು ಹೊಸ ಕಂಪ್ಯೂಟರುಗಳಿಗೆ ಹೊಂದಿಸಿ, ಬೀಗವಿಲ್ಲದೆ ಮಾರಿದರು. 2011ರಲ್ಲಿ ತಮ್ಮದೇ ‘ವಿಚರ್ 2’ ಆಟವನ್ನು ಆ ಅಂಗಡಿಯಲ್ಲಿ ಬೀಗವಿಲ್ಲದೆಯೂ ಇತರೆಡೆ ಡಿ.ವಿ.ಡಿ.ಗಳಲ್ಲಿ ಬೀಗವಿಟ್ಟೂ ಹೊರತಂದಾಗ ಒಂದು ವಿಚಿತ್ರ ನಡೆಯಿತು. ಇವಿನ್ಸ್ಕಿಯೇ ಹೇಳಿದಂತೆ, ಮೊದಲು ಕಳ್ಳಸಂತೆ ಸೇರಿದ್ದು ತೆರೆದಿಟ್ಟ ಪ್ರತಿಯಲ್ಲ, ಬೀಗವಿದ್ದ ಪ್ರತಿ! ಬೀಗ ಆಟದ ವೇಗವನ್ನು ಕುಂದಿಸಿದ್ದೇ ಲಾಭ. ಕೆಲವೇ ದಿನಗಳಲ್ಲಿ ಅದನ್ನೂ ತೆಗೆದುಹಾಕಿದರು. 2015ರ ‘ವಿಚರ್ 3’ಕ್ಕೆ ಬೀಗವನ್ನೇ ಹಾಕಲಿಲ್ಲ. 2023ರ ವೇಳೆಗೆ ಅದರ 5 ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾಗಿದ್ದವು.

ಬೀಗ ಹಾಕುವವರ ಪಕ್ಷದಲ್ಲಿ ನ್ಯಾಯವೇ ಇಲ್ಲವೆನ್ನಲಾಗದು. ಒಂದು ಆಟಕ್ಕಾಗಿ ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಕದ್ದು ಆಡುವವನು ಅವರ ಅನ್ನಕ್ಕೆ ಕೈ ಹಾಕುತ್ತಾನೆ. ವಿಚರ್ ತಯಾರಿಸಿದವರೂ ಕದ್ದವರ ಲೆಕ್ಕವನ್ನು ಲಕ್ಷಗಳಲ್ಲಿ ಹೇಳಿಕೊಂಡು ನೊಂದವರೇ. ಆದರೆ ಕಳ್ಳನನ್ನು ನಿಲ್ಲಿಸದೆ ಗಿರಾಕಿಯನ್ನು ಮಾತ್ರ ನಿಲ್ಲಿಸುವ ಬಾಗಿಲಿನಿಂದ ಮನೆಯ ಯಜಮಾನನಿಗೆ ಏನು ರಕ್ಷಣೆ?

ಕನ್ನಡ ಕಲಿಸುವ ನನಗೆ ಇದು ಆಟದ ಮಾತಾಗಿ ಮಾತ್ರ ತೋರುವುದಿಲ್ಲ. ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಂಥವರಿಂದ ನಮ್ಮ ಓಲೆಗರಿಗಳ ಕಾವ್ಯ ಗೆದ್ದಲನ್ನೂ ಬೆಂಕಿಯನ್ನೂ ದಾಟಿ ಬಂತು. ಇಂದಿನ ಆಟಗಳಲ್ಲಿಯೂ ಕತೆಯಿದೆ, ಚಿತ್ರವಿದೆ, ಸಂಗೀತವಿದೆ. ಅವುಗಳಲ್ಲಿ ಯಾವುದು ಮೊಮ್ಮಕ್ಕಳ ಕಾಲಕ್ಕೆ ಉಳಿಯತಕ್ಕದ್ದೆಂದು ಇಂದೇ ಬಲ್ಲವರಾರು? ಆ ಕಾಲಕ್ಕೆ ಬೀಗ ಮಾಡಿದವನೂ ಇರುವುದಿಲ್ಲ, ಕೀಲಿಯೂ ಇರುವುದಿಲ್ಲ. ಪ್ರತಿ ಮಾಡಿಟ್ಟುಕೊಂಡವರ ಮನೆಯಲ್ಲಿ ಆಟ ಇದ್ದೀತು.