ನೆಲ ಬಿಟ್ಟ ಇಪ್ಪತ್ತು ನಿಮಿಷ

ನೇಪಾಳವೂ ಒಂದು ಪರದೇಶವೇ ಎಂದು ನಗಬೇಡಿರಿ. ಸರಕಾರಿ ಕಚೇರಿಯ ಗುಮಾಸ್ತರಾದ ನಮಗೆ ಅಲ್ಲಿಗೆ ಹೋಗಲೂ ಮೇಲಿನವರ ಅಪ್ಪಣೆ ಬೇಕು. ರಜೆಯ ಪ್ರವಾಸಕ್ಕೆ ಸರಕಾರ ಕೊಡುವ ಪ್ರಯಾಣವೆಚ್ಚ ಮಾತ್ರ ಗಡಿಯ ಈಚೆಗೇ ನಿಂತುಬಿಡುತ್ತದೆ. ಆದರೆ ವೀಸಾದ ಗೋಜಿಲ್ಲ; ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ಹೀಗಾಗಿ 2023ರ ನವೆಂಬರಿನಲ್ಲಿ ನಾವು, ನಮ್ಮ ಮನೆಯವರು, ಎಂಟು ವರ್ಷದ ಮಗಳು, ಪನವೇಲಿನಲ್ಲಿ ಗೋರಖಪುರದ ಗಾಡಿ ಹತ್ತಿ, ಸುನೌಲಿಯಲ್ಲಿ ಗಡಿ ದಾಟಿ, ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಪೋಖರಾ ಸೇರಿದೆವು.

ಪೋಖರಾದ ಪಕ್ಕದಲ್ಲಿ ಸಾರಂಗಕೋಟವೆಂಬ ಗುಡ್ಡವಿದೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ. ಆ ಗುಡ್ಡದ ಸಾಲಿನಿಂದ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಹಾರಿ, ಕೆಳಗಿನ ಫೇವಾ ಸರೋವರದ ದಂಡೆಗೆ ಇಳಿಯುತ್ತಾರೆ. ಪ್ಯಾರಾಗ್ಲೈಡಿಂಗ್ ಎಂದು ಅದರ ಹೆಸರು. ಈ ಹುಚ್ಚು ನಮ್ಮದಲ್ಲ, ಮನೆಯವರದು. ಹೊಲಿಗೆಯ ಹಣವನ್ನು ಎರಡು ವರ್ಷ ಕೂಡಿಸಿಟ್ಟವರು ಅವರು. ನಮಗೋ, ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವಾಗಲೇ ಕಾಲು ಜುಮ್ಮೆನ್ನುತ್ತದೆ. ಹಾಗೆಂದು ಹೇಡಿಗಳೆನ್ನಬೇಡಿ, ಕಬ್ಬಿಣ ಹೊತ್ತ ಟ್ರಕ್ಕುಗಳ ನಡುವೆ ಕಳಂಬೋಲಿ ಸರ್ಕಲನ್ನು ದಿನಕ್ಕೆರಡು ಸಲ ದಾಟುವವರು ನಾವು!

ಹುಬ್ಬಳ್ಳಿಯಲ್ಲಿದ್ದ ಅವ್ವನಿಗೆ ಸುದ್ದಿ ಹೇಗೋ ತಿಳಿಯಿತು. “ನೆಲದ ಮ್ಯಾಲ ನೆಟ್ಟಗ ನಡದರ ಸಾಲದೇನೋ? ಮುಗಲಿನ್ಯಾಗ ನಿಮ್ಮದೇನದ?” ಎಂದು ಫೋನಿಟ್ಟಳು.

ಗುಡ್ಡದ ಮೇಲೆ ಒಂದು ಕಾಗದ ಕೊಟ್ಟರು. ‘ಏನಾದರೂ ಆದಲ್ಲಿ ಹೊಣೆ ನಮ್ಮದೇ’ ಎಂಬ ಅರ್ಥದ್ದು. ಹತ್ತು ವರ್ಷಗಳಿಂದ “ಇಲ್ಲಿ ಸಹಿ ಮಾಡಿ” ಎಂದು ಜನರೆದುರು ಕಾಗದ ದೂಡಿದವರು ನಾವು; ಒಂದು ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದ್ದು ಅಂದೇ. ಅಪಘಾತವಾದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ನಾವು ಮನೆಯವರ ಹೆಸರು ಬರೆದೆವು, ಅವರು ನಮ್ಮದು.

ಪೆನ್ನು ಕೆಳಗಿಟ್ಟು ಅವರು ಮೆಲ್ಲಗೆ ಕೇಳಿದರು: “ಇಬ್ಬರೂ ಮ್ಯಾಲ ಇದ್ದರ ತಿಳಸೋದು ಯಾರಿಗೆ?”

ಮಗಳು ಆಚೆ ನಿಂತು ಬಣ್ಣಬಣ್ಣದ ರೆಕ್ಕೆಗಳನ್ನು ಎಣಿಸುತ್ತಿದ್ದಳು.

ಒಬ್ಬರಾದ ಮೇಲೆ ಒಬ್ಬರು ಎಂದು ಗೊತ್ತಾಯಿತು. “ನೀವು ಮೊದಲು ಹೋಗ್ರಿ. ನಾ ಹೋಗಿ ಬಂದರ ನೀವು ಒಲ್ಲೆ ಅಂತೀರಿ” ಎಂದರು. ಹದಿನೈದು ವರ್ಷದ ಸಂಸಾರ, ಎಲ್ಲವೂ ಗೊತ್ತು.

ಹಾರಿಸುವವ ಹಿಂದೆ, ನಾವು ಮುಂದೆ, ಇಬ್ಬರಿಗೂ ಒಂದೇ ರೆಕ್ಕೆ. ಎದುರುಗಾಳಿ ಬಂದೊಡನೆ ಇಳಿಜಾರಿನಲ್ಲಿ ಓಡು ಎಂದ. ಓಡಿದೆವು. ನಾಲ್ಕು ಹೆಜ್ಜೆ ನೆನಪಿದೆ, ಐದನೆಯದಕ್ಕೆ ನೆಲವಿರಲಿಲ್ಲ. ಕಣ್ಣು ಮುಚ್ಚಿದ್ದೆವೆಂದು ಬೇರೆ ಹೇಳಬೇಕಾಗಿಲ್ಲ. ತೆರೆದಾಗ ಒಂದು ರಣಹದ್ದು ನಮ್ಮ ಸಮಕ್ಕೇ ಸುತ್ತುತ್ತಿತ್ತು, ರೆಕ್ಕೆ ಬಡಿಯದೆ. ಬಿಸಿಲಿಗೆ ಕಾದ ಗುಡ್ಡದಿಂದ ಗಾಳಿ ಮೇಲೇಳುತ್ತದಂತೆ. ಅದು ಎಲ್ಲಿದೆಯೆಂದು ಹದ್ದಿಗೆ ಗೊತ್ತು, ಹದ್ದನ್ನು ನೋಡಿ ಇವನಿಗೆ. ಅವನೂ ಅದರ ಬೆನ್ನುಹತ್ತಿ ಸುತ್ತಿದ, ನಾವು ಹೊರಟ ಗುಡ್ಡಕ್ಕಿಂತ ಮೇಲೇರಿದೆವು. ಉತ್ತರಕ್ಕೆ ಮಚ್ಛಪುಚ್ಛ್ರೆ, 6,993 ಮೀಟರಿನ ಶಿಖರ. ಹೆಸರಿನ ಅರ್ಥ ಮೀನಿನ ಬಾಲ. ಶಿವನ ನೆಲೆಯೆಂದು ಅದನ್ನು ಹತ್ತಲು ಬಿಡುವುದಿಲ್ಲ. ಕೆಳಗೆ ಸರೋವರ, ದೋಣಿಗಳೆಂದರೆ ಅಕ್ಕಿಕಾಳು. ಹೊಟ್ಟೆ ತೊಳಸಿದ್ದೂ ನಿಜ. ಆದರೆ ಆ ನಿಶ್ಶಬ್ದ! ಹೆದ್ದಾರಿಯ ಪಕ್ಕ ಮಲಗುವ ನಮ್ಮ ಕಿವಿಗೆ ಅದು ಹೊಸದು.

ಇಳಿದು, ಜೀಪಿನಲ್ಲಿ ಮತ್ತೆ ಗುಡ್ಡ ಹತ್ತುವಷ್ಟರಲ್ಲಿ ಮೋಡ ಕವಿದು ಗಾಳಿ ಅಡ್ಡಾದಿಡ್ಡಿಯಾಗಿತ್ತು. ಮನೆಯವರು ಸೆರಗು ಬಿಗಿದು ಶಿರಸ್ತ್ರಾಣ ಹಾಕಿಕೊಂಡು ಒಂದೂವರೆ ತಾಸು ಕೂತರು. ಕೊನೆಗೆ, ಇಂದು ಆಗದು ಎಂದು ಹಣ ಮರಳಿ ಕೊಟ್ಟರು. ಮರುದಿನ ಬೆಳಿಗ್ಗೆ ಆರಕ್ಕೆ ನಮ್ಮ ಬಸ್ಸು.

ಬೇಸರವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದರು: “ಹದ್ದು ಎಷ್ಟು ಹತ್ತರ ಬಂದಿತ್ತರೀ?” ನಾವು ಇದ್ದುದಕ್ಕಿಂತ ದೂರವಾಗಿಯೇ ಹೇಳಿದೆವು.

ಲೋಣಾವಳೆಯ ಆಚೆ, ಪುಣೆಯ ದಾರಿಯ ಕಾಮಶೇಟಿನಲ್ಲಿಯೂ ಈ ಹಾರಾಟ ನಡೆಯುತ್ತದೆಂದು ಊರಿಗೆ ಮರಳಿದ ಮೇಲೆ ತಿಳಿಯಿತು. ನಮ್ಮ ಮನೆಯೆದುರಿನ ರಸ್ತೆಯೇ ಅತ್ತ ಹೋಗುತ್ತದೆ. ನಾವು ಗಡಿ ದಾಟಿ ಹೋಗಿದ್ದೆವು! ಮರಳಿ ಬಂದ ಹಣ ಅಡಿಗೆಮನೆಯ ಡಬ್ಬಿಯಲ್ಲಿ ಬೇರೆಯೇ ಇದೆ. ಈ ಚಳಿಗಾಲಕ್ಕೆ ಸರದಿ ಅವರದು. ಕೆಳಗೆ ಮಗಳ ಕೈಹಿಡಿದು ಕೂಡುವ ಕೆಲಸ ನಮ್ಮದು. ಅವ್ವನಿಗೆ ಇನ್ನೂ ಹೇಳಿಲ್ಲ.