ಬೊಲೆರೋದ ಪಾಟಾ, ಅತ್ತಿಯವರ ಸೊಂಟ

ನನ್ನ ತಂಗಿ ಮಗ ಅಮೇರಿಕಾದಾಗ 1981ರ ಹಳೇ ಕಾರ್ವೆಟ್ ಗಾಡಿ ತಗೊಂಡಾನ ಅಂತ ಹಿಂದೊಮ್ಮೆ ಬರದಿದ್ದೆ. ಶೆವರ್ಲೆ ಕಂಪನಿದು, ಎರಡ ಸೀಟು, ಕುಂತ್ರ ನೆಲದ ಮ್ಯಾಲ ಕುಂತಂಗ. "ನಾಳೆ ಮಕ್ಕಳಾದ್ರ ಎಲ್ಲಿ ಕುಂಡ್ರಸ್ತಾನ?" ಅಂತ ತಂಗಿ ಇನ್ನೂ ಗೊಣಗ್ತಾಳ. ಈಗ ಅಕಿಗೆ ಹೊಸ ಚಿಂತಿ. ಅಂವ ಗಾಡಿ ಹಿಂದಿನ ಪಾಟಾ ಬಿಚ್ಚಿ, ಅದೇ ವರ್ಷದ ಇನ್ನೊಂದು ನಮೂನಿ ಕಾರ್ವೆಟ್‌ದು ಹಾಕಾಕ ಹೊಂಟಾನಂತ. "ಅಕ್ಕಾ, ಚೊಲೋ ಇದ್ದದ್ದು ಯಾಕ ಬಿಚ್ಚತಾನ? ನೀನರ ಒಂದ ಮಾತ ಹೇಳ" ಅಂದ್ಲು. ನಾ ಬುದ್ಧಿ ಹೇಳಾಕಂತ ಫೋನ್ ಹಚ್ಚಿದಾಕಿ, ಒಂದ ತಾಸು ಅವನ ಮಾತ ಕೇಳಕೋತ ಕುಂತೆ. ಅದರಿಂದ ನಮ್ಮ ಅತ್ತಿಯವರಿಗೆ ಉಪಕಾರ ಆತು. ಅದಕ್ಕ ಬರಿಯಾಕತ್ತೀನಿ.

ಪಾಟಾ ಅಂದ್ರ ನೀವೆಲ್ಲಾ ನೋಡೇ ಇರತೀರಿ. ಜೀಪು, ಲಾರಿ, ಟೆಂಪೋದ ಹಿಂದಿನ ಗಾಲಿ ಹತ್ರ ಬಿಲ್ಲಿನಂಗ ಬಾಗಿದ ಉಕ್ಕಿನ ಪಟ್ಟಿಗೋಳು ಒಂದರ ಮ್ಯಾಲ ಒಂದು ಇರತಾವಲ್ಲ, ಅವು. ಇದು ಹೊರಿ ಹೊರೂ ಗಾಡಿಗಷ್ಟ ಅಂತ ನಾವೆಲ್ಲಾ ಅಂದಕೊಂಡಿರತೀವಿ. ಆದ್ರ ಜೋರಾಗಿ ಓಡೂ ಆ ಶೋಕಿ ಕಾರಿಗೂ 1963ರಿಂದ ಹಿಂದ ಪಾಟಾನೇ ಇತ್ತಂತ. ಒಂದ ಫರಕು: ನಮ್ಮ ಗಾಡ್ಯಾಗ ಎಡಕ್ಕೊಂದು ಬಲಕ್ಕೊಂದು ಉದ್ದಕ್ಕ ಇರತಾವು. ಅವನದ್ರಾಗ ಒಂದ ಪಾಟಾ, ಈ ಗಾಲಿಯಿಂದ ಆ ಗಾಲಿಗೆ ಅಡ್ಡ ಮಲಗಿಸಿದ್ದು. ಹೆಗಲ ಮ್ಯಾಲ ಕಾವಡಿ ಹೊತ್ತಂಗ. ನಟ್ಟನಡುವ ಬಿಗದಿರತಾರ, ಎರಡೂ ತುದಿ ಭಾರಕ್ಕ ಬಾಗತಾವು. 2020ರ ಮಾದರಿಗೆ ಬಂದಾಗ ಪಾಟಾ ಬಿಟ್ಟು ಸುರುಳಿ ಸ್ಪ್ರಿಂಗ್ ಹಾಕಿದ್ರಂತ.

1981ರಾಗ ಕಂಪನಿಯವರು ಒಂದ ಬದಲಾವಣಿ ಮಾಡಿದ್ರು. ತನ್ನಷ್ಟಕ್ಕ ಗೇರ್ ಬದಲಾಗೂ ಸಾದಾ ಗಾಡಿಗೆ ಉಕ್ಕಿನ ಪಾಟಾ ತಗದು ಫೈಬರಿಂದು ಒಂದ ಪಟ್ಟಿ ಹಾಕಿದ್ರು. ಉಕ್ಕಿಂದು ಹತ್ರ ಹತ್ರ 20 ಕಿಲೋ, ಫೈಬರಿಂದು ನಾಕ ಕಿಲೋನೂ ಇಲ್ಲ. ತುಂಬಿದ ಕೊಡಕೂ ಚಂಬಿಗೂ ಇದ್ದಷ್ಟು ಅಂತರ. ಕೈಲೆ ಗೇರ್ ಹಾಕೂ ಗಾಡಿಗೆ ಉಕ್ಕಿಂದ ಉಳೀತು. ನಮ್ಮ ಹುಡುಗನ ಕಡೆ ಇರೂದು ಕೈ ಗೇರಿಂದು, ಅದಕ್ಕ ಅವನ ಕಣ್ಣು ಹಗೂರ ಪಾಟಾದ ಮ್ಯಾಲ. "ಬೋಲ್ಟಿನ ತೂತು ಸರಿಯಾಗಿ ಕೂಡತಾವು ದೊಡ್ಡವ್ವಾ, ಆದ್ರ ತೂತು ಕೂಡಿದ್ರ ಗಾಡಿಗೆ ಕೂಡ್ತು ಅಂತಲ್ಲ" ಅಂದ. ಬಿಗಿ ಬ್ಯಾರೆ ಆದ್ರ ಗಾಡಿ ಹಿಂದ ಏಳತೈತಿ ಇಲ್ಲಾ ಕುಂದರತೈತಿ. ಅದನ್ನ ಸರಿ ಮಾಡಾಕ ತುದಿಗೆ ಉದ್ದ ಬೋಲ್ಟ್ ಹಾಕಬೇಕು. ಮುಂದಿನದು ಹಂಗ ಬಿಟ್ಟು ಹಿಂದ ಅಷ್ಟ ಬಿಗಿ ಮಾಡಿದ್ರ ತಿರುವಿನ್ಯಾಗ ಬಾಲ ಜಾರತೈತಿ. ಈ ಕೊನೀ ಮಾತು ನಾ ತಂಗಿಗೆ ಹೇಳಿಲ್ಲ, ಇದನ್ನ ಓದಿದ್ರ ಗೊತ್ತಾಗತೈತಿ.

ಆಮ್ಯಾಲ ಅಂವ ಇನ್ನೊಂದು ಹೇಳಿದ. ಉಕ್ಕಿನ ಪಾಟಾದಾಗೂ ಎರಡ ನಮೂನಿ. ಮೆತ್ತಗಿಂದಕ್ಕ 9 ಪಟ್ಟಿ, ಬಿಗಿದಕ್ಕ 7. ನಾ ತಡದೆ, "ಹೆಚ್ಚು ಪಟ್ಟಿ ಇದ್ದದ್ದು ಬಿಗಿ ಅಲ್ಲೇನೋ?" ಅಂದೆ. "ಇಲ್ಲ ದೊಡ್ಡವ್ವಾ, ಎಣಿಸಬಾರದು, ದಪ್ಪ ನೋಡಬೇಕು. ಪಟ್ಟಿ ದಪ್ಪ ಎರಡ ಪಟ್ಟಾದ್ರ ಬಿಗಿ ಎಂಟ ಪಟ್ಟ ಆಗತೈತಿ."

ಈ ಮಾತಿಗೆ ನನಗ ನಮ್ಮ ಬೊಲೆರೋ ನೆನಪಾತು.

ಎರಡ ವರ್ಷದ ಹಿಂದ ಉಳ್ಳಾಗಡ್ಡಿ ಸುಗ್ಗಿಯೊಳಗ ನಮ್ಮ ಮನಿಯವರು ಗಾಡಿ ಹಿಂದ ಬಾಳ ಕುಂದರತೈತಿ ಅಂತ, ಪಿಕಪ್ ಗಾಡಿಯ ದಪ್ಪನ್ನ ಪಟ್ಟಿ ಒಂದೊಂದು ಎರಡೂ ಕಡೆ ಸೇರಿಸಿದ್ರು. "ಒಂದ ಪಟ್ಟಿ ಅಷ್ಟ" ಅಂದಿದ್ರು. ಚೀಲ ಹೇರಿದಾಗ ಗಾಡಿ ನೆಟ್ಟಗ ನಿಂತಿತು, ಖರೆ. ಆದ್ರ ವರ್ಷದಾಗ ಚೀಲ ಹೇರೂದು ಇಪ್ಪತ್ತ ದಿವಸ. ಉಳಿದ ದಿವಸ ಕುಂಡ್ರೂದು ಮನುಷ್ಯಾರು.

ಅತ್ತಿಯವರಿಗೆ ಹೋದ ಶ್ರಾವಣದಾಗ ಬಚ್ಚಲದಾಗ ಕಾಲ ಜಾರಿ ಬೆನ್ನಿನ ಮಣಿ ಒಂದು ಕುಸೀತು. ವಯಸ್ಸಾದ ಎಲುಬು, ಆಪರೇಷನ್ ಬ್ಯಾಡ ಅಂದ್ರು ಡಾಕ್ಟರು. ತಿಂಗಳಿಗೊಮ್ಮೆ ವಿಜಯಪುರಕ್ಕ ಕರಕೊಂಡು ಬರ್ರಿ ಅಂದ್ರು. ಮೊದಲನೇ ಸಲ ಹೋಗಿ ಬಂದಾಗ ಅತ್ತಿಯವರು ಎರಡ ದಿವಸ ಮಗ್ಗಲ ಹೊರಳಲಿಲ್ಲ. ಎರಡನೇ ಸಲ ಮನಿ ಮುಂದ ಇಳದವರು ಬಾಗಲಾ ಹಿಡದು ನಿಂತು, "ನಾ ಇಲ್ಲೇ ಸತ್ರೂ ಚಿಂತಿಲ್ಲ, ಆ ಗಾಡ್ಯಾಗ ಇನ್ನ ಕಾಲ ಇಡಂಗಿಲ್ಲ" ಅಂದ್ರು. ನಾವೆಲ್ಲಾ ರಸ್ತಾಕ್ಕ ಬೈದ್ವಿ. ಎರಿ ಮಣ್ಣಿನ ಮ್ಯಾಲಿನ ರಸ್ತಾ, ಮಳಿಗಾಲ ಮುಗಿದ್ರ ಅಲೆ ಅಲೆ ಏಳತೈತಿ, ಅದು ಸುಳ್ಳಲ್ಲ. ಆದ್ರ ಅದೇ ರಸ್ತಾದಾಗ ನೆರಮನಿ ವೈನಿ ಬಸ್ಸಿನ್ಯಾಗ ಹೋಗಿ ನಗಕೋತ ಬರತಾಳ!

ಹುಡುಗನಿಗೆ ಇದನ್ನ ಹೇಳಿದೆ. ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂಸಿನ ಜೋಲಿ ನೆನಸಕೋ ದೊಡ್ಡವ್ವಾ" ಅಂದ. ಸೀರಿ ಜೋಲಿಗೆ ಮ್ಯಾಲ ಸ್ಪ್ರಿಂಗ್ ಕಟ್ಟತೀವಲ್ಲ. ಮೂರ ತಿಂಗಳ ಕೂಸಿಗೆ ದೊಡ್ಡ ಹುಡುಗನ ಸ್ಪ್ರಿಂಗ್ ಕಟ್ಟಿದ್ರ ಅದು ಜಗ್ಗಂಗೇ ಇಲ್ಲ, ಕೂಸು ಗೂಟಕ್ಕ ತೂಗಹಾಕಿದಂಗ. ಪಾಟಾನೂ ಹಂಗ. ಭಾರ ಇಲ್ಲದಾಗ ದಪ್ಪ ಪಟ್ಟಿ ಬಾಗಂಗಿಲ್ಲ. ಗಾಲಿ ಕಲ್ಲು ಹತ್ತಿದ್ರ ಪಾಟಾ ನುಂಗಬೇಕಾದ ಪೆಟ್ಟು ಸೀಟಿಗೆ ಬರತೈತಿ, ಸೀಟಿನಿಂದ ಮುದುಕಿ ಬೆನ್ನಿಗೆ. ಪಟ್ಟಿಗೋಳ ನಡುವ ಧೂಳು ತುಂಬಿ ತುಕ್ಕು ಹಿಡದ್ರ ಒಂದರ ಮ್ಯಾಲ ಒಂದು ಸರಿಯಾಕ ತಿಣಕತಾವು, ಸಣ್ಣ ತಗ್ಗಿಗಂತೂ ಅಲಗಾಡಂಗೇ ಇಲ್ಲ. ಫೈಬರಿಂದು ಒಂದ ಪಟ್ಟಿ, ಅದಕ್ಕ ಆ ತಿಕ್ಕಾಟಿಲ್ಲ.

ಅವತ್ತ ರಾತ್ರಿ ಊಟದ ಹೊತ್ತಿಗೆ ಮನಿಯವರ ಮುಂದ ಮಾತ ತಗದೆ. ಅವರು ರೊಟ್ಟಿ ಮುರಕೋತ, "ಪಟ್ಟಿ ತಗದ್ರ ಉಳ್ಳಾಗಡ್ಡಿ ನಿನ್ನ ತಂಗಿ ಮಗ ಹೊರತಾನೇನು?" ಅಂದ್ರು. ಅವರ ಮಾತಿನ್ಯಾಗೂ ಹುರುಳಿತ್ತು ಅನ್ರಿ. ಸಾದಾ ಪಾಟಾ ಮ್ಯಾಲ ಮೂರ-ನಾಕ ಕ್ವಿಂಟಲ್ ಹೇರಿದ್ರ ಹಿಂದ ಕುಂದರತೈತಿ, ಮುಂದಿನ ದೀಪ ಮುಗಿಲ ನೋಡತೈತಿ. ಎದುರು ಬರವರಿಗೆ ಕಣ್ಣ ಕುಕ್ಕತೈತಿ, ನಮಗ ರಸ್ತಾ ಕಾಣಂಗಿಲ್ಲ. ನಾ ಅಂದೆ, ಇಪ್ಪತ್ತ ದಿವಸಕ್ಕ ಬಾಡಿಗಿ ಟೆಂಪೋ ತರ್ರಿ. ಬಾಡಿಗಿ ಲೆಕ್ಕ ಕೇಳಿದ್ರು. ಹೋದ ಎರಡ ತಿಂಗಳು ಅತ್ತಿಯವರಿಗೆ ನೋವಿನ ಗುಳಿಗಿ, ಸೂಜಿಗೆ ಎಷ್ಟ ಹೋಗೇತಿ ಅಂತ ನಾನೂ ಕಿರಾಣಿ ವಹಿ ಹಿಂದಿನ ಹಾಳ್ಯಾಗ ಬರದಿಟ್ಟಿದ್ದೆ, ತಗದು ಮುಂದಿಟ್ಟೆ. ಉಳಿದ ರೊಟ್ಟಿ ಸುಮ್ಮನ ಉಂಡ್ರು.

ಮರುವಾರ ಎರಡೂ ಕಡೆ ಪಟ್ಟಿ ತಗಸಿದ್ರು. ಒಂದ ಕಡೆ ತಗದು ಇನ್ನೊಂದ ಕಡೆ ಬಿಟ್ರ ಗಾಡಿ ಸೊಟ್ಟ ನಿಲ್ಲತೈತಿ. ಉಳಿದ ಪಟ್ಟಿ ಬಿಚ್ಚಿ ತುಕ್ಕು ಕೆರದು ಗ್ರೀಸ್ ಹಚ್ಚಿಸಿದ್ರು. ಎಣ್ಣಿ ಸೋರೂ ಶಾಕ್ ಅಬ್ಸಾರ್ಬರ್ ಒಂದ ಜೊತಿ ಹೊಸಾವು ಹಾಕಿಸಿದ್ರು. ಪಾಟಾ ಬಾಗಿದ ಮ್ಯಾಲ ಕುಣಿತ ನಿಲ್ಲಸೂದು ಅದರ ಕೆಲಸ. ಎಂಟ ದಿವಸ ಓಡಿಸಿ ಮತ್ತ ಬಂದು ಯು ಬೋಲ್ಟ್ ಬಿಗಿ ಮಾಡಿಸಕೋರಿ ಅಂತ ಮಿಸ್ತ್ರಿ ಹೇಳಿದ್ದ, ಅದನ್ನೂ ಮಾಡಸಿದ್ರು. ಯಾರರ ಪಾಟಾ ಬಿಚ್ಚಿಸಿದ್ರ ಇದನ್ನ ಮರೀಬ್ಯಾಡ್ರಿ.

ಮುಂದಿನ ಸಲ ಅತ್ತಿಯವರನ್ನ ಹಿಂದಿನ ಅಡ್ಡ ಸೀಟ ಬಿಟ್ಟು ನಡುವಿನ ಸೀಟಿಗೆ ಕುಂಡ್ರಸಿದ್ವಿ. ಗಾಲಿ ಮ್ಯಾಲ ಕುಂತ್ರ ಪೆಟ್ಟು ಹೆಚ್ಚು, ಎರಡ ಗಾಲಿ ನಡುವ ಕಡಿಮಿ. ಸೊಂಟಕ್ಕ ಕೌದಿ ಮಡಚಿ ಕೊಟ್ಟೆ. ಬ್ಯಾನಿ ಹೋಗೇತಿ ಅಂತ ಹೇಳಂಗಿಲ್ಲ, ಕುಸಿದ ಮಣಿ ಪಾಟಾದಿಂದ ಏಳಂಗಿಲ್ಲಲ್ರಿ. ಆದ್ರ ಮನಗೂಳಿ ದಾಟೂದ್ರೊಳಗ ಅವರಿಗೆ ನಿದ್ದಿ ಹತ್ತಿತ್ತು.

ತಗದ ಪಟ್ಟಿ ಎರಡೂ ದನದ ಕೊಟ್ಟಿಗ್ಯಾಗ ಬಿದ್ದಾವು. ಪಾಟಾದ ಉಕ್ಕಿಗೆ ಧಾರ ಚೊಲೋ ನಿಲ್ಲತೈತಿ, ಕಮ್ಮಾರಗ ಕೊಟ್ಟು ಒಂದ ಈಳಗಿ, ಎರಡ ಕುಡಗೋಲು ಮಾಡಸು ಅಂತಾರ ಅತ್ತಿಯವರು. ಸುಗ್ಗಿ ಬರಲಿ, ನೋಡೂಣು ಅಂತಾರ ಅವರ ಮಗ. ತಂಗಿ ಮಗನ ಗಾಡಿ ಇನ್ನೂ ಜಾಕಿನ ಮ್ಯಾಲೇ ಐತಿ, ಉದ್ದ ಬೋಲ್ಟ್ ಬಂದಿಲ್ಲಂತ.